ಚಾಕು ಮೊಂಡಾಗಿದೆಯೇ? ಸಾಣೆ ಕೊಳ್ಳುವ ಮುಂಚೆ ಇಷ್ಟು ನೋಡಿ

ಚಾಕು ಕೈಕೊಟ್ಟ ಕೂಡಲೇ ಎಲ್ಲರೂ ಹುಡುಕುವುದು ಹೊಸ ಸಾಣೆಯನ್ನು. ಫೋನ್ ತೆಗೆದರೆ ಹತ್ತಾರು ಬಗೆ ಸಿಗುತ್ತವೆ. ಸಂದಿಯಲ್ಲಿಟ್ಟು ಎಳೆಯುವುದು, ಮೇಜಿನ ಮೇಲೆ ಉರುಳಿಸುವುದು, ಕರೆಂಟಿನದ್ದು, ಕಡ್ಡಿ, ಕಲ್ಲು, ಡೈಮಂಡ್ ಪ್ಲೇಟು. ಮೈಸೂರಿನಲ್ಲೋ ಮಂಡ್ಯದಲ್ಲೋ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಇಷ್ಟೆಲ್ಲಾ ತಲೆನೋವಿಲ್ಲ. ಬೂದು ಬಣ್ಣದ ಕಲ್ಲೊಂದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟು ಕಳಿಸುತ್ತಾರೆ. ಎರಡು ಕಡೆಯೂ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಚಾಕುವಿಗೆ ಆಗಿರುವುದಾದರೂ ಏನು?

ಬಾಯಿ, ಅಂದರೆ ಕತ್ತರಿಸುವ ಅಂಚು, ಮಡಚಿದ ಚಾಕುವಿಗೆ ಬೇಕಾದ ಮದ್ದು ಬೇರೆ, ಸವೆದ ಚಾಕುವಿಗೆ ಬೇರೆ, ಮುಕ್ಕಾದ ಚಾಕುವಿಗೆ ಬೇರೆ. ಎಷ್ಟೋ ಮನೆಗಳಲ್ಲಿ ಚಾಕು ಚೆನ್ನಾಗಿಯೇ ಇರುತ್ತದೆ, ಅದರ ಕೆಳಗಿರುವ ಗ್ರಾನೈಟ್ ಕಟ್ಟೆಯೇ ಶತ್ರು. ಅದಕ್ಕೇ ಲಕ್ಷಣದಿಂದ ಶುರು ಮಾಡೋಣ. ಖರ್ಚಿಲ್ಲದ್ದು ಮೊದಲು, ದುಡ್ಡು ಬಿಚ್ಚುವುದು ಕೊನೆಗೆ.

ಮೊದಲು ಮೂರು ಪರೀಕ್ಷೆ, ಒಂದು ರೂಪಾಯಿಯೂ ಬೇಡ

ಟ್ಯೂಬ್‌ಲೈಟ್ ಕೆಳಗೆ ನಿಂತುಕೊಳ್ಳಿ. ಚಾಕುವಿನ ಬಾಯಿ ಮೇಲೆ ಬರುವಂತೆ, ಬೆನ್ನು ಕೆಳಗಿರುವಂತೆ ಹಿಡಿಯಿರಿ. ಮೊನೆ ನಿಮ್ಮಿಂದ ಆಚೆ ಇರಲಿ. ಈಗ ಹಿಡಿಯನ್ನು ನಿಧಾನವಾಗಿ ಆ ಕಡೆ ಈ ಕಡೆ ವಾಲಿಸುತ್ತಾ ಬುಡದಿಂದ ಮೊನೆಯವರೆಗೆ ನೋಡಿ. ಹರಿತವಾದ ಬಾಯಿ ಎಷ್ಟು ಸಣ್ಣ ಅಂದರೆ ಅದರ ಮೇಲೆ ಬೆಳಕು ನಿಲ್ಲುವುದೇ ಇಲ್ಲ. ಮೊಂಡಾದ ಜಾಗದಲ್ಲಿ ಮಾತ್ರ ತೆಳ್ಳನೆ ಬಿಳಿ ಗೆರೆ ಮಿಂಚುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕಿ ಹೊಳೆದರೆ ಅದು ಮುಕ್ಕು. ಸಾಮಾನ್ಯವಾಗಿ ನಮ್ಮ ಚಾಕುಗಳಲ್ಲಿ ಬುಡದ ಹತ್ತಿರ ಒಂದು ಇಂಚು ಹೊಸದರಂತೆಯೇ ಇರುತ್ತದೆ, ಮಧ್ಯದ ಭಾಗ ಮಾತ್ರ ಮಿಂಚುತ್ತದೆ. ಹೆಚ್ಚುವ ಕೆಲಸವೆಲ್ಲ ಅಲ್ಲೇ ನಡೆಯುವುದು, ಅಲ್ವಾ?

ಎರಡನೆಯದು ಹಳೇ ಪೇಪರ್. ಒಂದು ಹಾಳೆಯನ್ನು ಎಡಗೈಯಲ್ಲಿ ತೂಗಾಡಿಸಿ ಹಿಡಿದು, ಮೇಲಂಚಿನಿಂದ ಕೆಳಕ್ಕೆ ಬುಡದಿಂದ ಮೊನೆಯವರೆಗೂ ಎಳೆಯಿರಿ. ಸರಾಗವಾಗಿ ಸೀಳಿದರೆ ಸರಿ. ಒಂದೇ ಜಾಗದಲ್ಲಿ ಪ್ರತಿ ಸಲ ಸಿಕ್ಕಿಕೊಂಡರೆ ಆ ಜಾಗ ಮಡಚಿದೆ ಅಥವಾ ಮುಕ್ಕಾಗಿದೆ. ಉದ್ದಕ್ಕೂ ಹಾಳೆ ಬಾಗಿ ಹರಿದುಹೋದರೆ ಇಡೀ ಬಾಯಿ ಸವೆದಿದೆ. ಹರಿತ ನೋಡಲು ಬಾಯಿಯ ಉದ್ದಕ್ಕೆ ಹೆಬ್ಬೆರಳಿನಲ್ಲಿ ಸವರುವ ಅಭ್ಯಾಸ ಬೇಡವೇ ಬೇಡ. ಪೇಪರ್ ಹೇಳದ್ದನ್ನು ಬೆರಳು ಹೇಳುವುದಿಲ್ಲ.

ಮೂರನೆಯದು ಫ್ರಿಜ್ ಮೇಲೆ ಅಂಟಿಸಿರುವ ಮ್ಯಾಗ್ನೆಟ್. ಅದನ್ನು ಅಲಗಿಗೆ ಹಿಡಿಯಿರಿ. ಸ್ಟೀಲ್ ಚಾಕು ಅಂತ ಕೊಂಡಿದ್ದಕ್ಕೆ ಮ್ಯಾಗ್ನೆಟ್ ಅಂಟಲೇ ಇಲ್ಲ ಅಂದರೆ, ಅದು ಪಾತ್ರೆ ಮಾಡುವ ಜಾತಿಯ ಸ್ಟೀಲು. ಅದನ್ನು ಕಾಯಿಸಿ ಗಟ್ಟಿ ಮಾಡಲು ಬರುವುದಿಲ್ಲ. ಎಂಥ ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ. ಅಂಥ ಚಾಕುವಿಗೆ ಸಾಣೆ ಕೊಳ್ಳುವುದು ದಂಡ, ಚಾಕುವನ್ನೇ ಬದಲಾಯಿಸಿ. ಹಾಗಂತ ಮ್ಯಾಗ್ನೆಟ್ ಅಂಟಿದ್ದೆಲ್ಲ ಒಳ್ಳೆಯ ಚಾಕು ಅಂತಲೂ ಅಲ್ಲ. ಕೆಟ್ಟದ್ದನ್ನು ಬೇರೆ ಮಾಡಲು ಮಾತ್ರ ಈ ಪರೀಕ್ಷೆ.

ಲಕ್ಷಣ: ಟೊಮೇಟೊ ಮೇಲೆ ಜಾರುತ್ತದೆ, ಈರುಳ್ಳಿ ಹೆಚ್ಚಿದರೆ ಕಣ್ಣುರಿ ಜಾಸ್ತಿ

ಗಟ್ಟಿ ತರಕಾರಿ ಹೆಚ್ಚಲು ಬರುತ್ತದೆ, ಆದರೆ ಟೊಮೇಟೊ ಸಿಪ್ಪೆ ಕತ್ತರಿಸದೆ ಒಳಕ್ಕೆ ಒತ್ತಿಹೋಗುತ್ತದೆ. ಮದ್ದೂರು ವಡೆಗೆ ಅಂತ ಈರುಳ್ಳಿ ಸಣ್ಣಗೆ ಹೆಚ್ಚಲು ಕೂತರೆ ಕಣ್ಣಲ್ಲಿ ಧಾರಾಕಾರ. ಮೊಂಡು ಚಾಕು ಈರುಳ್ಳಿಯನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಜಜ್ಜಿದಷ್ಟೂ ಕಣ್ಣು ಉರಿಸುವ ಅನಿಲ ಜಾಸ್ತಿ ಹೊರಗೆ ಬರುತ್ತದೆ.

ಇದು ಶುರುವಿನ ಹಂತ. ಬಹಳ ಸಲ ಬಾಯಿ ಸವೆದಿರುವುದಿಲ್ಲ, ಒಂದು ಪಕ್ಕಕ್ಕೆ ಮಡಚಿರುತ್ತದೆ ಅಷ್ಟೇ. ಕಣ್ಣಿಗೆ ಕಾಣದಷ್ಟು ಸಣ್ಣ ಮಡಿಕೆ. ಇದಕ್ಕೆ ಲೋಹ ತೆಗೆಯುವ ಸಾಣೆ ಬೇಕಾಗಿಲ್ಲ, ಬಾಯಿಯನ್ನು ನೆಟ್ಟಗೆ ಮಾಡಿದರೆ ಸಾಕು. ಹೋಟೆಲ್ ಅಡುಗೆಯವರು ಉದ್ದನೆ ಕಬ್ಬಿಣದ ಕಡ್ಡಿಗೆ ಚಾಕು ಉಜ್ಜುವುದು ಇದಕ್ಕೇ.

ಕಡ್ಡಿ ಕೊಳ್ಳುವ ಮೊದಲು ಉಪ್ಪಿನಕಾಯಿ ಜಾಡಿ ಹುಡುಕಿ. ಪಿಂಗಾಣಿ ಜಾಡಿಯ ಅಥವಾ ಕಾಫಿ ಮಗ್ಗಿನ ತಳ ನೋಡಿದ್ದೀರಾ? ಅಲ್ಲಿ ಹೊಳಪು ಇಲ್ಲದ ಒರಟು ಬಳೆ ಇರುತ್ತದೆ. ಅದು ಒಳ್ಳೆಯ ನಯವಾದ ಸಾಣೆ. ಖಾಲಿ ಜಾಡಿಯನ್ನು ಒದ್ದೆ ಬಟ್ಟೆಯ ಮೇಲೆ ತಲೆಕೆಳಗಾಗಿ ಇಡಿ, ಅಲುಗಾಡಬಾರದು. ಚಾಕುವಿನ ಬೆನ್ನನ್ನು ಸ್ವಲ್ಪ ಎತ್ತಿ ಹಿಡಿದು ಬುಡದಿಂದ ಮೊನೆಯವರೆಗೆ ಹಗುರವಾಗಿ ಎಳೆಯಿರಿ. ಈ ಕಡೆ ಒಂದು, ಆ ಕಡೆ ಒಂದು, ಹೀಗೆ ಐದಾರು ಸಲ. ಒತ್ತಡ ಬೇಡ, ಚಾಕುವಿನ ಭಾರವೇ ಸಾಕು. ತೊಳೆದು ಟೊಮೇಟೊ ಮೇಲೆ ನೋಡಿ. ಕೆಲಸ ಮಾಡಿದರೆ ನಿಮ್ಮ ದೋಷ ನಿವಾರಣೆ ಇಲ್ಲಿಗೇ ಮುಗಿಯಿತು. ಒಂದು ಎಚ್ಚರಿಕೆ: ಬಿರುಕು ಬಿಟ್ಟ ಜಾಡಿ ಬಳಸಬೇಡಿ, ಒತ್ತಿದರೆ ಒಡೆಯುತ್ತದೆ.

ಮನೆಯ ಹೊರಗಿನ ಮೆಟ್ಟಿಲಿಗೋ ಒಗೆಯುವ ಕಲ್ಲಿಗೋ ಚಾಕು ಉಜ್ಜುವುದು ನಮ್ಮ ಕಡೆ ರೂಢಿ. ಅದೂ ಕತ್ತರಿಸುತ್ತದೆ, ಇಲ್ಲ ಅನ್ನೋಲ್ಲ. ಆದರೆ ಬಾಯಿಯ ಮೇಲೆ ಒರಟು ಗೀರು ಬೀಳುತ್ತವೆ. ಆ ಹೊತ್ತಿಗೆ ಚೂಪು ಅನ್ನಿಸುತ್ತದೆ, ಅಡುಗೆ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ.

ಲಕ್ಷಣ: ಸಾಣೆ ಹಿಡಿದ ದಿನ ಚೂಪು, ಎರಡೇ ದಿನಕ್ಕೆ ಮೊಂಡು

ಜನ ಅತಿ ಹೆಚ್ಚು ಹೇಳುವ ದೂರು ಇದೇ. ಬೈಗುಳವೆಲ್ಲ ಸಾಣೆಗೆ ಬೀಳುತ್ತದೆ.

ಮೊದಲು ಚಾಕುವಿನ ಕೆಳಗೆ ಏನಿದೆ ನೋಡಿ. ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಹೆಚ್ಚುತ್ತೀರಾ? ಸ್ಟೀಲ್ ತಟ್ಟೆಯಲ್ಲಿ ನಿಂಬೆಹಣ್ಣು ಕೊಯ್ಯುತ್ತೀರಾ? ಚಂದ ಕಾಣುತ್ತದೆ ಅಂತ ಗಾಜಿನ ಬೋರ್ಡ್ ತಂದಿದ್ದೀರಾ? ಮೂರೂ ಚಾಕುವಿನ ಬಾಯಿಯನ್ನು ಒಂದೇ ಅಡುಗೆಯಲ್ಲಿ ಮಡಚಬಲ್ಲವು. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನ ಹರಳು ಚಾಕುವಿನ ಸ್ಟೀಲಿಗಿಂತ ಗಟ್ಟಿ. ಮರದ ಹಲಗೆ ಅಥವಾ ಪ್ಲಾಸ್ಟಿಕ್ ಬೋರ್ಡ್ ತಂದು ಒಂದು ವಾರ ನೋಡಿ. ಬರೀ ಇಷ್ಟಕ್ಕೇ ಅರ್ಧ ತೊಂದರೆ ಹೋಗುತ್ತದೆ.

ಆಮೇಲೆ ಬೆಲ್ಲ. ಮಂಡ್ಯದ ಕಡೆ ಮನೆಗಳಲ್ಲಿ ಅಚ್ಚು ಬೆಲ್ಲವನ್ನು ತರಕಾರಿ ಚಾಕುವಿನಲ್ಲೇ ಕೆತ್ತುತ್ತಾರೆ. ಮೊನೆ ಚುಚ್ಚಿ, ಪಕ್ಕಕ್ಕೆ ತಿರುಚಿ, ಚೂರು ಎಬ್ಬಿಸುತ್ತಾರೆ. ಆ ತಿರುಚುವಿಕೆಯೇ ಬಾಯಿಗೆ ಮಾರಕ. ಬೆಲ್ಲಕ್ಕೆ ಕುಟ್ಟಾಣಿ ಅಥವಾ ಗುಂಡುಕಲ್ಲು ಇರಲಿ. ತೆಂಗಿನಕಾಯಿ ಚಿಪ್ಪಿನಿಂದ ಕಾಯಿ ಎಬ್ಬಿಸುವುದು, ಡಬ್ಬಿಯ ಮುಚ್ಚಳ ಮೀಟುವುದು, ಗ್ಯಾಸ್ ಸಿಲಿಂಡರಿನ ಸೀಲ್ ಕೀಳುವುದು, ಇವಕ್ಕೂ ಒಂದು ಹಳೇ ಚಾಕುವನ್ನು ಬೇರೆಯಾಗಿ ಇಟ್ಟುಬಿಡಿ.

ಹೆಚ್ಚಿದ ತರಕಾರಿಯನ್ನು ಬಾಯಿಯಿಂದಲೇ ಕೆರೆದು ಬಾಣಲೆಗೆ ತಳ್ಳುವುದೂ ತಪ್ಪು. ಚಾಕು ತಿರುಗಿಸಿ ಬೆನ್ನಿನಿಂದ ತಳ್ಳಿ. ತೊಳೆಯುವಾಗ ಸಿಂಕಿನಲ್ಲಿ ಪಾತ್ರೆಗಳ ನಡುವೆ ಎಸೆಯಬೇಡಿ. ಬಾಯಿಯೂ ಹಾಳು, ಪಾತ್ರೆ ತೊಳೆಯುವವರ ಕೈಗೂ ಅಪಾಯ.

ಇಷ್ಟೆಲ್ಲಾ ಸರಿಯಿದ್ದೂ ಎರಡೇ ದಿನಕ್ಕೆ ಮೊಂಡಾದರೆ ಸಾಣೆ ಹಿಡಿದ ರೀತಿಯಲ್ಲಿ ದೋಷವಿದೆ. ಉಜ್ಜಿದಾಗ ಬಾಯಿಯ ತುದಿಯಲ್ಲಿ ಲೋಹದ ತೆಳ್ಳನೆ ಅಂಚು ಮೇಲೇಳುತ್ತದೆ. ಲೇತ್ ಕೆಲಸದವರು ಇದನ್ನು ಬರ್ ಅನ್ನುತ್ತಾರೆ. ಅದನ್ನು ತೆಗೆಯದೆ ಬಿಟ್ಟರೆ ಮೊದಲ ದಿನ ಗಡ್ಡ ಬೋಳಿಸುವಷ್ಟು ಚೂಪಿರುತ್ತದೆ, ಆಮೇಲೆ ಅದು ಮಡಚಿಕೊಂಡು ಬಾಯಿಯನ್ನೇ ಮುಚ್ಚುತ್ತದೆ. ಪತ್ತೆ ಹಚ್ಚುವುದು ಸುಲಭ. ಒಂದು ಚೂರು ಹತ್ತಿಯನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹಗುರವಾಗಿ ಸವರಿ ಆಚೆಗೆ ಬಿಡಿ. ಎಳೆ ಸಿಕ್ಕಿಕೊಂಡರೆ ಬರ್ ಇನ್ನೂ ಇದೆ. ತೆಗೆಯುವ ಬಗೆ ಮುಂದಿನ ಭಾಗದಲ್ಲಿದೆ.

ಲಕ್ಷಣ: ಎಷ್ಟು ಉಜ್ಜಿದರೂ ಚೂಪೇ ಆಗುವುದಿಲ್ಲ

ಕಲ್ಲು ಕೊಂಡವರ ಗೋಳು ಇದು. ಅರ್ಧ ಗಂಟೆ ಉಜ್ಜಿ, ಕೈ ನೋವು ಬಂದು, ಕೊನೆಗೆ ಚಾಕು ಮುಂಚಿಗಿಂತ ಮೊಂಡು. ಕಲ್ಲು ಸರಿಯಿಲ್ಲ ಅಂತ ಮೂಲೆಗೆ ಎಸೆಯುತ್ತಾರೆ.

ಕಲ್ಲಿನ ಮೇಲೆ ಅನುಮಾನ ಬೇಡ. ಹಾರ್ಡ್‌ವೇರ್ ಅಂಗಡಿಯ ಆ ಬೂದು ಕಲ್ಲು ಕಾರ್ಬೊರಂಡಮ್, ಅಂದರೆ ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚಿಸನ್ ಕೃತಕ ವಜ್ರ ಮಾಡಲು ಹೋಗಿ ಇದನ್ನು ಕಂಡುಕೊಂಡ. ವಜ್ರದಷ್ಟು ಗಟ್ಟಿಯಲ್ಲ, ಆದರೆ ಅಡುಗೆಮನೆಯ ಯಾವ ಸ್ಟೀಲನ್ನಾದರೂ ತಿನ್ನುತ್ತದೆ. ಒಂದು ಮುಖ ಒರಟು, ಇನ್ನೊಂದು ಮುಖ ನಯ. ಉದ್ದ 8 ಇಂಚು, ಅಗಲ 2 ಇಂಚು ಇರುವುದನ್ನು ಕೇಳಿ ತೆಗೆದುಕೊಳ್ಳಿ. ಅದಕ್ಕಿಂತ ಚಿಕ್ಕದರಲ್ಲಿ ಚಾಕು ನಿಲ್ಲುವುದಿಲ್ಲ, ಕೈ ಜಾರುತ್ತದೆ.

ತಪ್ಪು ಇರುವುದು ಬಹುತೇಕ ಕೋನದಲ್ಲಿ. ಬೆನ್ನು ತೀರಾ ಕೆಳಗಿದ್ದರೆ ಕಲ್ಲು ಬಾಯಿಯನ್ನು ಮುಟ್ಟುವುದೇ ಇಲ್ಲ, ಅದರ ಹಿಂದಿನ ಭುಜವನ್ನು ತಿನ್ನುತ್ತಾ ಕೂರುತ್ತದೆ. ಬೆನ್ನು ತೀರಾ ಮೇಲಿದ್ದರೆ ಬಾಯಿ ಮತ್ತಷ್ಟು ಮೊಂಡಾಗುತ್ತದೆ. ಇದನ್ನು ಪತ್ತೆ ಮಾಡಲು ಮಕ್ಕಳ ಮಾರ್ಕರ್ ಪೆನ್ ಸಾಕು. ಬಾಯಿಯ ಉದ್ದಕ್ಕೂ ಎರಡು ಪಕ್ಕದಲ್ಲೂ ಕಪ್ಪು ಬಳಿಯಿರಿ. ಕಲ್ಲಿನ ಮೇಲೆ ಎರಡು ಮೂರು ಸಲ ಉಜ್ಜಿ ನೋಡಿ. ತುದಿಯವರೆಗೂ ಕಪ್ಪು ಅಳಿಸಿದ್ದರೆ ಕೋನ ಸರಿ. ತುದಿಯಲ್ಲಿ ಕಪ್ಪು ಗೆರೆ ಹಾಗೇ ಉಳಿದಿದ್ದರೆ ಬೆನ್ನು ಸ್ವಲ್ಪ ಎತ್ತಿ. ತುದಿ ಮಾತ್ರ ಅಳಿಸಿ ಹಿಂದಿನದು ಉಳಿದಿದ್ದರೆ ಬೆನ್ನು ಇಳಿಸಿ.

ನಮ್ಮ ಮಾಮೂಲಿ ಸ್ಟೀಲ್ ಚಾಕುಗಳಿಗೆ ಒಂದೊಂದು ಪಕ್ಕಕ್ಕೂ ಸುಮಾರು 20 ಡಿಗ್ರಿ ಹೊಂದುತ್ತದೆ. ಅಳೆಯಲು ಸಲಕರಣೆ ಬೇಡ. ಅಲಗು 3 ಸೆಂಟಿಮೀಟರ್ ಅಗಲವಿದ್ದರೆ ಬೆನ್ನು ಕಲ್ಲಿನಿಂದ 1 ಸೆಂಟಿಮೀಟರ್ ಮೇಲಿರಬೇಕು. 4 ಸೆಂಟಿಮೀಟರ್ ಅಗಲವಿದ್ದರೆ ಒಂದೂಕಾಲರಿಂದ ಒಂದೂವರೆ. ಜಪಾನಿನ ಗಟ್ಟಿ ಸ್ಟೀಲಿನ ಚಾಕು ಇದ್ದರೆ 15 ಡಿಗ್ರಿ. ನಮ್ಮ ಮೆತ್ತನೆ ಸ್ಟೀಲಿಗೆ 15 ಮಾಡಿದರೆ ಚೂಪಾಗುತ್ತದೆ, ಆದರೆ ಬಾಯಿ ತೆಳ್ಳಗಾಗಿ ಬೇಗ ಮಡಚುತ್ತದೆ.

ಈಗ ಉಜ್ಜುವುದು. ಕಲ್ಲನ್ನು ಒದ್ದೆ ಬಟ್ಟೆಯ ಮೇಲಿಡಿ. ಕಲ್ಲಿಗೆ ನೀರು ಚಿಮುಕಿಸಿ. ಬಾಯಿ ಮುಂದೆ ಮಾಡಿ, ಕಲ್ಲಿನ ಮೇಲಿಂದ ತೆಳ್ಳನೆ ಸಿಪ್ಪೆ ಸುಲಿಯುವ ಹಾಗೆ ತಳ್ಳಿ. ಬುಡದಿಂದ ಮೊನೆಯವರೆಗೆ ಇಡೀ ಅಲಗು ಕಲ್ಲಿನ ಮೇಲೆ ಹಾದುಹೋಗಬೇಕು. ಒಂದೇ ಪಕ್ಕವನ್ನು ಉಜ್ಜುತ್ತಾ ಹೋಗಿ, ಬರ್ ಏಳುವವರೆಗೂ ತಿರುಗಿಸಬೇಡಿ. ಇದೇ ಮುಖ್ಯ ಗುಟ್ಟು. ಎಷ್ಟು ಸಲ ಅಂತ ಲೆಕ್ಕ ಇಟ್ಟುಕೊಳ್ಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಉಜ್ಜದೆ ಇರುವ ಪಕ್ಕದಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಅಡ್ಡಡ್ಡ ತಂದು ಆಚೆಗೆ ಬಿಡಿ. ಬಾಯಿಯ ಉದ್ದಕ್ಕೆ ಎಂದೂ ಸವರಬೇಡಿ. ಉದ್ದಕ್ಕೂ ಸಣ್ಣ ತಡೆ ಬೆರಳಿಗೆ ಸಿಕ್ಕರೆ ಬರ್ ಎದ್ದಿದೆ, ಅಂದರೆ ಕಲ್ಲು ತುದಿ ಮುಟ್ಟಿದೆ. ಆಗ ತಿರುಗಿಸಿ ಇನ್ನೊಂದು ಪಕ್ಕ.

ಎರಡೂ ಪಕ್ಕ ಆದ ಮೇಲೆ ಕಲ್ಲನ್ನು ನಯವಾದ ಮುಖಕ್ಕೆ ತಿರುಗಿಸಿ, ಅದೇ ಕೆಲಸ ಹಗುರವಾಗಿ. ಕೊನೆಗೆ ಈ ಪಕ್ಕ ಒಂದು, ಆ ಪಕ್ಕ ಒಂದು, ಒತ್ತಡ ಕಡಿಮೆ ಮಾಡುತ್ತಾ ಹೋಗಿ. ಬರ್ ಇನ್ನೂ ಇದ್ದರೆ ಹಳೇ ಜೀನ್ಸ್ ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ, ಈ ಸಲ ಬೆನ್ನು ಮುಂದೆ ಮಾಡಿ ಎಳೆಯಿರಿ. ಹತ್ತಿ ಸಿಕ್ಕಿಕೊಳ್ಳದೆ ಜಾರಿದರೆ ಆಯಿತು. ಚಾಕು ಚೆನ್ನಾಗಿ ತೊಳೆದ ಮೇಲೇ ತರಕಾರಿ ಮುಟ್ಟಿ. ಲೋಹದ ಪುಡಿ, ಕಲ್ಲಿನ ಪುಡಿ ಎರಡೂ ಅಂಟಿರುತ್ತವೆ.

ಕೋನ ಸರಿ, ಆದರೂ ಕಲ್ಲು ಹಿಡಿಯುತ್ತಿಲ್ಲ ಅಂದರೆ ಅದರ ಮುಖ ನೋಡಿ. ಕಪ್ಪಗೆ ಗಾಜಿನಷ್ಟು ನುಣ್ಣಗಾಗಿದ್ದರೆ ಲೋಹದ ಪುಡಿ ತುಂಬಿಕೊಂಡಿದೆ. ಸೋಪು ಹಾಕಿ ಹಳೇ ಬ್ರಶ್ಶಿನಲ್ಲಿ ತಿಕ್ಕಿ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಸುರಿದಿದ್ದರೆ ಅದು ಅಂಟಾಗಿ ಕಲ್ಲಿನ ರಂಧ್ರ ಕಟ್ಟಿರುತ್ತದೆ. ಎಣ್ಣೆಯೇ ಬೇಕೆಂದರೆ ಹೊಲಿಗೆ ಯಂತ್ರದ ಎಣ್ಣೆ ಹಾಕಿ. ಮನೆಗೆ ನೀರೇ ಸಾಕು. ಕಲ್ಲಿನ ಮಧ್ಯೆ ಗುಳಿ ಬಿದ್ದಿದ್ದರೆ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನೀರು ಹಾಕಿ ಕಲ್ಲನ್ನು ಮಗುಚಿ ಉಜ್ಜಿ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಸಮವಾಗುತ್ತದೆ.

ಲಕ್ಷಣ: ಸೌತೆಕಾಯಿ ಹೋಳು ಓರೆಯಾಗಿ ಬರುತ್ತದೆ

ನೇರ ಒತ್ತಿದರೂ ಚಾಕು ಒಂದು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಮೇಲೆ ತೆಳು, ಕೆಳಗೆ ದಪ್ಪ. ಒಂದು ಪಕ್ಕ ಜಾಸ್ತಿ ಉಜ್ಜಿದ್ದೀರಿ, ಇನ್ನೊಂದು ಪಕ್ಕ ಕಡಿಮೆ. ಬಲಗೈಯವರಿಗೆ ಒಂದು ಪಕ್ಕ ಸಲೀಸು, ಇನ್ನೊಂದು ಕಷ್ಟ, ಹೀಗಾಗಿ ಇದು ಸಹಜ. ಮಾರ್ಕರ್ ಬಳಿದು ಕಡಿಮೆ ಉಜ್ಜಿದ ಪಕ್ಕವನ್ನು ಸರಿದೂಗಿಸಿ. ಕೆಲವು ಚಾಕುಗಳನ್ನು ಒಂದೇ ಪಕ್ಕ ಇಳಿಜಾರು ಬರುವಂತೆ ಬೇಕೆಂದೇ ಮಾಡಿರುತ್ತಾರೆ. ಅಂಥದ್ದನ್ನು ಎರಡೂ ಪಕ್ಕ ಸಮ ಮಾಡಲು ಹೋಗಬೇಡಿ.

ಲಕ್ಷಣ: ಬಾಯಿ ಮುಕ್ಕಾಗಿದೆ, ಮೊನೆ ಮುರಿದಿದೆ

ಕೋಳಿ ಮೂಳೆ, ಫ್ರೀಜರಿನಿಂದ ತೆಗೆದ ಮಾಂಸ, ತೆಂಗಿನ ಚಿಪ್ಪು. ಕಾರಣ ಹೆಚ್ಚಾಗಿ ಈ ಮೂರರಲ್ಲಿ ಒಂದು. ನಾಟಿ ಕೋಳಿಯ ಮೂಳೆಗೆ ಮಚ್ಚೇ ಬೇಕು, ತೆಳ್ಳನೆ ಚಾಕುವಿನಿಂದ ಆಗದು.

ಮುಕ್ಕು ಉಗುರಿಗೆ ಸಿಕ್ಕೂ ಸಿಗದ ಹಾಗಿದ್ದರೆ ಒರಟು ಮುಖದಲ್ಲಿ ತಾಳ್ಮೆಯಿಂದ ಉಜ್ಜಿ ತೆಗೆಯಬಹುದು. ಒಂದು ಮಿಲಿಮೀಟರಿಗಿಂತ ಆಳವಿದ್ದರೆ ಕೈಯಲ್ಲಿ ಕಲ್ಲು ಹಿಡಿದು ಗೆಲ್ಲಲಾರಿರಿ. ಸಾಣೆಯವರಿಗೆ ಕೊಡಿ. ಸಂದಿಯಲ್ಲಿಟ್ಟು ಎಳೆಯುವ ಸಾಣೆಗೆ ಮುಕ್ಕಾದ ಚಾಕು ಹಾಕಲೇಬೇಡಿ. ಮುಕ್ಕು ಸಿಕ್ಕಿಕೊಂಡು ಚಾಕು ಎಗರುತ್ತದೆ. ಅಲಗಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ಅಲ್ಲಿಗೆ ನಿಲ್ಲಿಸಿ, ಆ ಚಾಕು ಮುಗಿಯಿತು.

ಲಕ್ಷಣ: ಸಾಣೆ ಹಿಡಿಸಿಕೊಂಡು ಬಂದ ಮೇಲೆ ಅಂಚು ನೀಲಿಯಾಗಿದೆ

ಸೈಕಲ್ ಪೆಡಲ್ ತುಳಿದು ಚಕ್ರ ತಿರುಗಿಸುವ ಸಾಣೆಯವರು ಈಗಲೂ ಬೀದಿಯಲ್ಲಿ ಸಿಗುತ್ತಾರೆ. ಆಯುಧಪೂಜೆ ಹತ್ತಿರ ಬಂದರೆ ಅವರಿಗೆ ಬಿಡುವಿರುವುದಿಲ್ಲ. ಒಳ್ಳೆಯ ಕೈಯವರು ಸಿಕ್ಕರೆ ಅದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಆದರೆ ಒಣ ಚಕ್ರಕ್ಕೆ ಒಂದೇ ಸಮ ಒತ್ತಿ ಹಿಡಿದರೆ ತೆಳ್ಳನೆ ಅಂಚು ಕಾದುಹೋಗುತ್ತದೆ. ಮಾಮೂಲಿ ಉಕ್ಕಿನಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ನೀಲಿ ಬಣ್ಣ ಬರುತ್ತದೆ, ಸ್ಟೇನ್‌ಲೆಸ್‌ನಲ್ಲಿ ಇನ್ನೂ ಜಾಸ್ತಿ ಬಿಸಿಗೆ. ಆ ಬಿಸಿಗೆ ಉಕ್ಕಿನ ಹದ ಇಳಿದು ಅಂಚು ಮೆತ್ತಗಾಗುತ್ತದೆ. ನೀಲಿಯಾದ ಜಾಗದಲ್ಲಿ ಹರಿತ ನಿಲ್ಲುವುದಿಲ್ಲ. ನೀಲಿ ಭಾಗ ಪೂರ್ತಿ ಸವೆಯುವವರೆಗೂ ಕಲ್ಲಿನಲ್ಲಿ ತೆಗೆಯಬೇಕು.

ಕೊಡುವಾಗಲೇ ಹೇಳಿಬಿಡಿ: "ಅಣ್ಣಾ, ಮಧ್ಯೆ ಮಧ್ಯೆ ನೀರಿಗೆ ಅದ್ದಿ ಹಿಡೀರಿ, ನೀಲಿ ಆಗ್ಬಾರ್ದು." ಕೆಲಸ ಗೊತ್ತಿದ್ದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕಿಡಿ ಹಾರುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಮನೆಯಲ್ಲೇ ಗ್ರೈಂಡಿಂಗ್ ಮೆಷಿನ್‌ಗೆ ಚಾಕು ಹಿಡಿಯುವ ಸಾಹಸ ಬೇಡ. ಕೆಲಸ ಗೊತ್ತಿದ್ದು ಹಿಡಿಯುವವರೂ ಕಣ್ಣಿಗೆ ಗಾಗಲ್ಸ್ ಹಾಕಬೇಕು. ಸೆರಗು, ದುಪಟ್ಟಾ, ಸಡಿಲ ತೋಳು ಚಕ್ರದ ಹತ್ತಿರ ಸುಳಿಯಬಾರದು.

ಲಕ್ಷಣ: ತುಕ್ಕು, ಹೆಚ್ಚಿದ ಮಾವಿನಕಾಯಿ ಕಪ್ಪಗಾಗುತ್ತದೆ

ಇದು ಈಳಿಗೆ ಮಣೆ ಮತ್ತು ಕುಲುಮೆಯಲ್ಲಿ ಮಾಡಿದ ಕಬ್ಬಿಣದ ಚಾಕುಗಳ ಮಾತು. ಹುಳಿ ತಾಗಿದರೆ ಈ ಉಕ್ಕು ಕಪ್ಪಾಗುವುದು ಅದರ ಗುಣ, ದೋಷವಲ್ಲ. ತುಕ್ಕು ಹಿಡಿಯದ ಸ್ಟೀಲನ್ನು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಕಂಡುಕೊಂಡಿದ್ದೇ 1913ರಲ್ಲಿ. ಅಲ್ಲಿಯವರೆಗೆ ಎಲ್ಲರ ಮನೆಯಲ್ಲೂ ಇದೇ ಕಪ್ಪು ಚಾಕು. ಇದರಲ್ಲಿ ಹರಿತ ಚೆನ್ನಾಗಿ ಬರುತ್ತದೆ, ಕಲ್ಲಿಗೂ ಬೇಗ ಬಗ್ಗುತ್ತದೆ. ನನ್ನ ಕೇಳಿದರೆ ಸೊಪ್ಪು ಹೆಚ್ಚಲು ಒಳ್ಳೆಯ ಈಳಿಗೆ ಮಣೆಯ ಮುಂದೆ ಯಾವ ವಿದೇಶಿ ಚಾಕುವೂ ಇಲ್ಲ.

ಮೇಲಿನ ತುಕ್ಕಿಗೆ ಹುಣಸೆಹಣ್ಣು ಹಚ್ಚಿ ಹತ್ತು ನಿಮಿಷ ಬಿಟ್ಟು ತಿಕ್ಕಿ. ತೊಳೆದು, ಪೂರ್ತಿ ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ. ಪೂಜೆಗೆ ಇಟ್ಟಾಗ ಒದ್ದೆ ಕುಂಕುಮ ಹಚ್ಚಿ ಹಾಗೇ ಬಿಟ್ಟರೆ ಅದೇ ಜಾಗದಲ್ಲಿ ತುಕ್ಕು ಶುರುವಾಗುತ್ತದೆ. ಪೂಜೆ ಮುಗಿದ ಮಾರನೆ ದಿನ ಒರೆಸಿಬಿಡಿ. ತುಕ್ಕು ಗುಳಿ ಗುಳಿಯಾಗಿ ಬಾಯಿಯನ್ನೇ ತಿಂದಿದ್ದರೆ ಮನೆಯಲ್ಲಿ ಆಗುವ ಕೆಲಸವಲ್ಲ.

ಈಳಿಗೆ ಮಣೆಗೆ ಸಾಣೆ ಹಿಡಿಯುವಾಗ ಚಾಕುವಿನ ಕ್ರಮ ಉಲ್ಟಾ. ಅಲಗು ನಿಂತಿರುತ್ತದೆ, ಕಲ್ಲನ್ನು ನೀವು ಆಡಿಸಬೇಕು. ಚಿಕ್ಕ ಕಲ್ಲು ತೆಗೆದುಕೊಳ್ಳಿ. ಮಣೆಯನ್ನು ಕಾಲಿನಿಂದ ಗಟ್ಟಿಯಾಗಿ ಅದುಮಿ, ಬೆನ್ನಿನ ಕಡೆ ಕೂತು, ಬಾಯಿಯಿಂದ ಆಚೆಗೆ ಹೋಗುವಂತೆ ಉಜ್ಜಿ. ಎದುರಿನಿಂದ ಬಾಯಿಯ ಕಡೆಗೆ ಕೈ ತರುವಂತೆ ಉಜ್ಜಿದರೆ ಒಂದು ಸಲ ಜಾರಿದರೂ ಕೈ ಕೊಯ್ದಂತೆಯೇ. ಅಲಗು ಮಣೆಯಲ್ಲಿ ಅಲುಗಾಡುತ್ತಿದ್ದರೆ ಮೊದಲು ಬಡಗಿಯ ಹತ್ತಿರ ಬಿಗಿ ಮಾಡಿಸಿ, ಸಾಣೆ ಆಮೇಲೆ. ಮಚ್ಚು, ಕುಡುಗೋಲು ಕುಲುಮೆಗೇ ಹೋಗಲಿ. ಕಾಯಿಸಿ ತಟ್ಟಿ ಹದ ಕೊಡುವ ಕೆಲಸಕ್ಕೆ ಸಾಣೆ ಕಲ್ಲು ಬದಲಿಯಲ್ಲ.

ಲಕ್ಷಣ: ಬ್ರೆಡ್ ಚಾಕು ಹರಿಯುತ್ತದೆ, ಕತ್ತರಿಸುವುದಿಲ್ಲ

ಹಲ್ಲಿನ ಚಾಕುವನ್ನು ಕಲ್ಲಿಗೂ ಎಳೆಯುವ ಸಾಣೆಗೂ ಕೊಡಬೇಡಿ, ಹಲ್ಲು ಸವೆದುಹೋಗುತ್ತದೆ. ಒಂದೊಂದು ಹಲ್ಲಿನ ಗುಳಿಗೂ ಸಣ್ಣ ದುಂಡನೆ ಕಡ್ಡಿ ಬೇಕು. ನೂರಿನ್ನೂರು ರೂಪಾಯಿಯ ಚಾಕುವಿಗೆ ಅಷ್ಟು ಶ್ರಮ ಯಾಕೆ? ಹೊಸದು ತನ್ನಿ.

ಲಕ್ಷಣ: ಹಿಡಿ ಅಲುಗಾಡುತ್ತದೆ

ಸಾಣೆ ಬೇಡ. ಹಿಡಿ ಸಡಿಲವಿರುವ ಚಾಕುವನ್ನು ಹರಿತ ಮಾಡುವುದು ಅಂದರೆ ಗಾಯಕ್ಕೆ ಸಿದ್ಧತೆ ಮಾಡಿಕೊಂಡಂತೆ. ರಿವಿಟ್ ಹಾಕಿಸಿ, ಆಗದಿದ್ದರೆ ಬಿಡಿ.

ಹಾಗಾದರೆ ಕೊಳ್ಳುವುದು ಯಾವುದು?

ಎರಡು ಮೂರು ಸ್ಟೀಲ್ ಚಾಕು, ಒಂದು ಈಳಿಗೆ ಮಣೆ ಇರುವ ಮಾಮೂಲಿ ಮನೆಗೆ ನನ್ನ ಮತ ಬೂದು ಕಲ್ಲಿಗೇ. ಬೆಲೆ ಕಡಿಮೆ, ವರ್ಷಗಟ್ಟಲೆ ಬರುತ್ತದೆ, ಎಲ್ಲ ಅಳತೆಯ ಅಲಗಿಗೂ ಒಗ್ಗುತ್ತದೆ. ಕಲಿಯಲು ಎರಡು ಭಾನುವಾರ ಬೇಕು, ಅಷ್ಟೇ. ಹಳೇ ಚಾಕುವಿನ ಮೇಲೆ ಕಲಿಯಿರಿ.

ಕಲ್ಲು ಹಿಡಿದು ಕೂರಲು ಪುರುಸೊತ್ತಿಲ್ಲ, ಮನೆಯಲ್ಲಿ ವಯಸ್ಸಾದವರೇ ಅಡುಗೆ ಮಾಡುವುದು ಅಂದರೆ ಸಂದಿಯಲ್ಲಿಟ್ಟು ಎಳೆಯುವ ಸಾಣೆ ಪರವಾಗಿಲ್ಲ. ಅದರಲ್ಲಿ ಸಾಮಾನ್ಯವಾಗಿ ಎರಡು ಸಂದಿ. ಕಾರ್ಬೈಡ್ ಪಟ್ಟಿಯ ಸಂದಿ ಲೋಹವನ್ನು ಕೆರೆದು ತೆಗೆಯುತ್ತದೆ, ಸೆರಾಮಿಕ್ ಸಂದಿ ನಯ ಮಾಡುತ್ತದೆ. ವಾರವಾರ ಕಾರ್ಬೈಡಿಗೆ ಎಳೆದರೆ ವರ್ಷದೊಳಗೆ ಚಾಕು ಸಣಕಲಾಗುತ್ತದೆ. ಸೆರಾಮಿಕ್ ಆಗಾಗ, ಕಾರ್ಬೈಡ್ ಅಪರೂಪಕ್ಕೆ. ಯಾವಾಗಲೂ ಬುಡದಿಂದ ಮೊನೆಯ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ, ಹಿಂದೆ ಮುಂದೆ ಗರಗಸದ ಆಟ ಬೇಡ. ಕೊಳ್ಳುವಾಗ ಅಡಿಯಲ್ಲಿ ರಬ್ಬರ್ ಇದೆಯಾ, ಕೈಗೆ ಅಡ್ಡ ತಡೆ ಇದೆಯಾ ಅಂತ ನೋಡಿ.

ಈಚೆಗೆ ಬಂದಿರುವ ಉರುಳಿಸುವ ಸಾಣೆಯಲ್ಲಿ ಮ್ಯಾಗ್ನೆಟ್ ಕೋನವನ್ನು ತಾನೇ ಹಿಡಿದುಕೊಳ್ಳುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಅಗಲವಾದ ಅಲಗಿಗೆ ಸರಿ, ನಮ್ಮ ಮನೆಗಳ ಎರಡು ಬೆರಳಗಲದ ಚಿಕ್ಕ ಚಾಕು ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಕೊಳ್ಳುವ ಮುಂಚೆ ನಿಮ್ಮ ಚಾಕು ಅಳೆಯಿರಿ. ಡೈಮಂಡ್ ಪ್ಲೇಟು ಬೇಗ ಕೆಲಸ ಮಾಡುತ್ತದೆ, ಗುಳಿ ಬೀಳುವುದಿಲ್ಲ, ಬಿಳಿ ಸೆರಾಮಿಕ್ ಚಾಕುವಿಗೆ ಅದೇ ಗತಿ. ಒತ್ತಿ ಉಜ್ಜಿದರೆ ಮಾತ್ರ ಡೈಮಂಡ್ ಕಿತ್ತುಬರುತ್ತದೆ. ಕರೆಂಟಿನದ್ದು ಮನೆಗೆ ಅಗತ್ಯವಿಲ್ಲ. ದುಬಾರಿ ಜಪಾನಿ ಚಾಕು ಇಟ್ಟುಕೊಂಡವರು ಕಾರ್ಬೈಡ್ ಸಂದಿ, ಕಬ್ಬಿಣದ ಕಡ್ಡಿ ಎರಡನ್ನೂ ಬಿಟ್ಟು, ನೀರು ಹಾಕಿ ಉಜ್ಜುವ, ಸುಮಾರು 1000 ಗ್ರಿಟ್‌ನ ನೀರುಕಲ್ಲು ತೆಗೆದುಕೊಳ್ಳಿ (ಗ್ರಿಟ್ ಅಂದರೆ ಕಲ್ಲು ಎಷ್ಟು ನಯ ಅನ್ನುವ ಅಂಕಿ).

ಕೈ ಕೊಯ್ದುಕೊಂಡರೆ

ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ಕೈ ಮೇಲೆತ್ತಿ. ನಡುನಡುವೆ ತೆಗೆದು ನೋಡಬೇಡಿ. ಅರಿಶಿನ, ಕಾಫಿ ಪುಡಿ ತುಂಬಬೇಡಿ, ಗಾಯ ಹೊಲಿಯುವವರಿಗೆ ಅದನ್ನು ತೊಳೆಯುವುದೇ ಕೆಲಸವಾಗುತ್ತದೆ. ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಆಗದಿದ್ದರೆ, ತುದಿ ಜೋಮು ಹಿಡಿದಂತಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಇವೆ. ತುರ್ತಿಗೆ 108. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅನ್ನುವುದನ್ನು ವೈದ್ಯರಿಗೆ ತಿಳಿಸಿ.

ಚಾಕು ಎಸೆಯುವುದಾದರೆ

ಬಿರುಕು ಬಿಟ್ಟದ್ದು, ಸಣಕಲಾದದ್ದು, ಮ್ಯಾಗ್ನೆಟ್ ಅಂಟದ್ದು ಗುಜರಿಗೆ ಹೋಗಲಿ. ಬಿಡಿಯಾಗಿ ಕಸದ ಬುಟ್ಟಿಗೆ ಹಾಕಬೇಡಿ. ಬೆಳಗ್ಗೆ ಬಂದು ಕಸ ವಿಂಗಡಿಸುವ ಪೌರಕಾರ್ಮಿಕರ ಕೈ ಅದರೊಳಗೆ ಹೋಗುತ್ತದೆ. ರಟ್ಟಿನಲ್ಲಿ ಸುತ್ತಿ, ಟೇಪ್ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ "ಚಾಕು ಇದೆ" ಅಂತ ಬರೆದು, ಒಣಕಸದ ಜೊತೆ ಕೈಗೇ ಕೊಟ್ಟು ಹೇಳಿ.